ಜಪಾನಿ ಮರದಚ್ಚು: ಒಣ ಸೀಮೆಯಲ್ಲಿ ಮಾಡುವ ಬಗೆ

ಮರದ ಹಲಗೆಯಲ್ಲಿ ಚಿತ್ರ ಕೆತ್ತಿ ಕಾಗದಕ್ಕೆ ಒತ್ತುವ ಜಪಾನಿನ ಮರದಚ್ಚಿಗೆ ಎಣ್ಣೆಬಣ್ಣ ಬೇಡ, ಪ್ರೆಸ್ಸೂ ಬೇಡ. ನೀರು, ಅಕ್ಕಿಗಂಜಿ, ಬಣ್ಣದ ಪುಡಿ, ಕೈಯ ಒತ್ತಡ ಇಷ್ಟರಲ್ಲೇ ಕೆಲಸ ಆಗುತ್ತದೆ. ರಾಯಚೂರು, ಬಳ್ಳಾರಿ, ಕೊಪ್ಪಳದ ಕಡೆ ಈ ಕೆಲಸವನ್ನು ಕೆಡಿಸುವುದು ಒಣಹವೆ. ಹಾಗಾಗಿ ಚಿತ್ರ ಬರೆಯುವಾಗಲೇ ತೇವದ ಲೆಕ್ಕ ಹಾಕಿರಬೇಕು.

ಶಕ್ತಿನಗರದ ವಿದ್ಯುತ್ ಸ್ಥಾವರದ ಚಿಮಣಿಗಳು, ಕೆಳಗೆ ಕೃಷ್ಣೆ, ದಡದ ಬಂಡೆ, ಒಂದು ಹರಗೋಲು: ಚಿತ್ರ ಇದು ಎಂದಿಟ್ಟುಕೊಳ್ಳಿ. ಬಂಡೆಗೂ ಹರಗೋಲಿಗೂ ಹಳೆಯ ಪದ್ಧತಿಯಂತೆ ಕಪ್ಪು ಗೆರೆ ಕೊಡಿ. ಚಿಮಣಿಗೆ ಗೆರೆ ಬೇಡ, ಬೂದು ಬಣ್ಣದ ಪಟ್ಟಿಯಷ್ಟೇ ಸಾಕು. ಹಳತು ಹೊಸತು ಕೂಡುವುದು ಈ ಆಯ್ಕೆಯಲ್ಲೇ. ಎಲ್ಲಕ್ಕೂ ಗೆರೆ ಎಳೆದರೆ ಹಳೆಯ ಚಿತ್ರದ ನಕಲಾಗುತ್ತದೆ, ಎಲ್ಲವನ್ನೂ ತೆಗೆದರೆ ಪೋಸ್ಟರ್ ಆಗುತ್ತದೆ. ಆಕಾಶಕ್ಕೆ ಬೊಕಾಶಿ ಮಾಡಿ: ಮೇಲೆ ಗಾಢ, ಕೆಳಗಿಳಿದಂತೆ ತಿಳಿ. ಜಪಾನಿನ ಹಳೆಯ ಮರದಚ್ಚು ಕಲಾವಿದ ಹಿರೋಶಿಗೆಯ ಆಕಾಶಗಳಲ್ಲಿ ಕಾಣುವುದು ಇದೇ. ಬೊಕಾಶಿಯಲ್ಲಿ ಹಲಗೆ ಒದ್ದೆಯಾಗಿಯೇ ಇರುವುದರಿಂದ ನಮ್ಮ ಹವೆಗೂ ಅದು ಒಗ್ಗುತ್ತದೆ. ಒಂದೇ ಬಣ್ಣದ ಅಗಲ ಜಾಗವಾದರೆ ಕಾಗದ ಇಡುವಷ್ಟರಲ್ಲಿ ಒಣಗುತ್ತದೆ. ಅಂಗೈಗಿಂತ ದೊಡ್ಡದು ಬೇಡ. ಚಿತ್ರ 15×20 ಸೆಂ.ಮೀ. ಇದ್ದರೆ ಕಾಗದ 20×25, ಹಲಗೆ 24×30.

ಕಪ್ಪು, ಕೆಂಪು, ಬೂದು, ನೀಲಿಗೆ ನಾಲ್ಕು ಮುಖ ಬೇಕು. ಎರಡು ಹಲಗೆಗಳ ಎರಡೂ ಬದಿ ಬಳಸಿದರೆ ಆಯಿತು. ಜಪಾನಿನಲ್ಲಿ ಚೆರ್ರಿ ಮರ ಬಳಸುತ್ತಿದ್ದರು; ಇಲ್ಲಿ ಒಣಗಿದ ಶಿವನಿ ಹಲಗೆ ಒಳ್ಳೆಯದು. ಕಿನ್ನಾಳದ ಗೊಂಬೆಯ ಹಗುರ ಮರ ಬಣ್ಣದ ಹಲಗೆಗೆ ಆದೀತು, ತೆಳುಗೆರೆಗೆ ತೀರ ಮೆತ್ತಗೆ. ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ ನೀರು ಕುಡಿದು ಉಬ್ಬುತ್ತದೆ.

ಚಿತ್ರವನ್ನು ತೆಳು ಕಾಗದದಲ್ಲಿ ಬರೆದು, ಹಲಗೆಗೆ ಮುಖ ಕೆಳಗಾಗಿ ಅಂಟಿಸಿ, ಕಪ್ಪು ಗೆರೆಯ ಹಲಗೆಯನ್ನು ಮೊದಲು ಕೆತ್ತಿ. ಗೆರೆಯ ಬುಡ ಅಗಲವಾಗಿರುವಂತೆ ಚಾಕು ಹೊರಕ್ಕೆ ಓರೆಯಾಗಿರಲಿ. ನೆಟ್ಟಗೆ ಕೊಯ್ದರೆ ತೆಳುಗೆರೆ ಮುರಿಯುತ್ತದೆ. ಖಾಲಿ ಜಾಗ ಅಗಲವಿದ್ದಲ್ಲಿ 3 ಮಿ.ಮೀ. ಆಳ ತೆಗೆಯಿರಿ. ಕಾಗದ ಕೂರಲು ಎರಡು ಕೆಂಟೊ ಗುರುತು ಬೇಕು: ಕೆಳಗಿನ ಬಲ ಮೂಲೆಯಲ್ಲಿ ಮೂಲೆಮಟ್ಟದ ಆಕಾರದ್ದು, ಅದೇ ಅಂಚಿನ ಎಡಕ್ಕೆ ನೇರ ಗೆರೆಯದು, ಎರಡೂ ಸುಮಾರು 1 ಮಿ.ಮೀ. ಆಳ. ಬಣ್ಣದ ಹಲಗೆಗಳ ಗುರುತನ್ನು ಅಳತೆಪಟ್ಟಿಯಿಂದ ಹಾಕಲು ಹೋಗಬೇಡಿ. ಗೆರೆಯ ಹಲಗೆಯಿಂದ ಗುರುತುಗಳ ಸಮೇತ ತೆಳು ಕಾಗದಕ್ಕೆ ಅಚ್ಚು ತೆಗೆದು, ಅದನ್ನೇ ಬಣ್ಣದ ಹಲಗೆಗೆ ಅಂಟಿಸಿ ಕೆತ್ತಿ. ಇದೊಂದನ್ನು ಬಿಟ್ಟರೆ ಮುಂದೆ ಯಾವ ಬಣ್ಣವೂ ತನ್ನ ಜಾಗಕ್ಕೆ ಬೀಳುವುದಿಲ್ಲ.

ಕೆಂಪಿಗೆ ಸಂಡೂರು ಕಡೆಯ ಕೆಮ್ಮಣ್ಣು ಸೊಗಸು. ನೀರಲ್ಲಿ ಕದಡಿ ಒಂದು ನಿಮಿಷ ಬಿಡಿ. ಮರಳು ತಳ ಸೇರುತ್ತದೆ. ಮೇಲಿನ ಕೆಂಪು ನೀರನ್ನು ಬೇರೆ ಪಾತ್ರೆಗೆ ಬಗ್ಗಿಸಿ, ರಾತ್ರಿಯಿಡೀ ಬಿಟ್ಟು, ತಳದ ಸಣ್ಣ ಮಣ್ಣನ್ನು ಒಣಗಿಸಿ ಅರೆಯಿರಿ. ನೀಲಿಗೆ ಪ್ರಷ್ಯನ್ ನೀಲಿ. 1830ರ ಹೊತ್ತಿಗೆ ಜಪಾನಿನ ಕಲಾವಿದ ಹೊಕುಸಾಯ್ ಬಳಸಿದ್ದೂ ಅದನ್ನೇ. ಗಂಜಿಗೆ ಒಂದು ಚಮಚ ಅಕ್ಕಿಹಿಟ್ಟು, ಎಂಟು ಚಮಚ ನೀರು. ಗಂಟಾಗದಂತೆ ತಿರುವುತ್ತ ಹೊಳಪು ಬರುವವರೆಗೆ ಕಾಯಿಸಿ. ಬೇಸಿಗೆಯಲ್ಲಿ ಮರುದಿನಕ್ಕೇ ಹುಳಿಯುತ್ತದೆ, ಅಂದಂದೇ ಮಾಡಿಕೊಳ್ಳಿ.

ಕಾಗದ 90–120 ಜಿಎಸ್‌ಎಂನ (ಚದರ ಮೀಟರಿಗೆ ಅಷ್ಟು ಗ್ರಾಂ ತೂಗುವ) ಹತ್ತಿಯ ಕೈಕಾಗದ ಇರಲಿ. ಹಿಂದಿನ ಸಂಜೆ ಮೂರಕ್ಕೊಂದು ಹಾಳೆಗೆ ಕುಂಚದಿಂದ ನೀರು ಸವರಿ, ಒಟ್ಟಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಭಾರ ಹೇರಿ. ಬೆಳಿಗ್ಗೆ ಮುಟ್ಟಿದರೆ ತಣ್ಣಗಿರಬೇಕು, ನೀರು ಹೊಳೆಯಬಾರದು. ಎರಡು ದಿನಕ್ಕಿಂತ ಹೆಚ್ಚು ಹಾಗೇ ಬಿಟ್ಟರೆ ಬೂಸ್ಟು ಹಿಡಿಯುತ್ತದೆ.

ಬಿಸಿಲೇರುವ ಮುಂಚೆ, ಫ್ಯಾನ್ ಆರಿಸಿ ಅಚ್ಚು ಹಾಕಿ. ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಬಣ್ಣ ಹಾಕಿ, ಕಡಲೆಕಾಳಿನಷ್ಟು ಗಂಜಿ ಸೇರಿಸಿ ಬ್ರಷ್‌ನಿಂದ ಸಮ ಮಾಡಿ. ಕಾಗದ ಕೂರಿಸಿ, ಅದರ ಬೆನ್ನನ್ನು ಬಾರೆನ್ ಎಂಬ ಚಪ್ಪಟೆ ಉಜ್ಜುಬಿಲ್ಲೆಯಿಂದ ಉಜ್ಜಿ. ಅದಿಲ್ಲದಿದ್ದರೆ ಸ್ಟೀಲ್ ಚಮಚದ ಬೆನ್ನು ನಡೆಯುತ್ತದೆ. ಮೊದಲು ಗೆರೆ, ಆಮೇಲೆ ಬೂದು, ಕೆಂಪು, ಕೊನೆಗೆ ನೀಲಿ ಬೊಕಾಶಿ. ಬೊಕಾಶಿಗೆ ಹಲಗೆಯ ಆ ಪಟ್ಟಿಯನ್ನು ಒದ್ದೆ ಮಾಡಿ, ಬ್ರಷ್ಷಿನ ಒಂದೇ ಮೂಲೆಗೆ ಬಣ್ಣ ಹಿಡಿಸಿ ಅಡ್ಡಡ್ಡ ಎಳೆಯಿರಿ.

ಎಳ್ಳು ಚೆಲ್ಲಿದಂತೆ ಬಿಳಿ ಚುಕ್ಕೆ ಬಂದರೆ ಕಾಗದ ಒಣಗಿದೆ ಅಥವಾ ಗಂಜಿ ಸಾಲದು. ಅಂಚು ಹಬ್ಬಿದರೆ ನೀರು ಹೆಚ್ಚಾಗಿದೆ. ನೀರು ತಗ್ಗಿಸಿದರೂ ಹಬ್ಬಿದರೆ ಕಾಗದಕ್ಕೆ ಪಾಕ, ಅಂದರೆ ಬಣ್ಣ ಹಬ್ಬದಂತೆ ತಡೆಯುವ ಲೇಪ, ಸಾಲದು. ಲೀಟರ್ ನೀರಿಗೆ 20 ಗ್ರಾಂ ಜೆಲಟಿನ್, 10 ಗ್ರಾಂ ಪಟಿಕ ಕರಗಿಸಿ ಸವರಿ ಪೂರ್ತಿ ಒಣಗಿಸಿದ ಮೇಲೆ ಬಳಸಿ. ಮೊದಲು ಕೂಡಿದ ಬಣ್ಣ ನಡುವೆ ಜಾರತೊಡಗಿದರೆ ಕೆಂಟೊವನ್ನು ತಿದ್ದಬೇಡಿ: ಹಾಳೆ ಒಣಗಿ ಕುಗ್ಗಿರುತ್ತದೆ, ತೇವ ಕೊಟ್ಟರೆ ಮತ್ತೆ ಕೂಡುತ್ತದೆ.