ಡೇರಿ ಮಾಳಿಗೆಯ ಮೇಲೆ ಸೋಲಾರ್: ಲೆಕ್ಕ, ವೈರಿಂಗ್, ಮಂಜುಗಡ್ಡೆ

ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ 1969ರಲ್ಲಿ ಹುಟ್ಟಿದ ಸಹಕಾರ ಸಂಘವೇ ಹಳ್ಳಿಗಳಿಗೆ ಕರೆಂಟ್ ಹಂಚುತ್ತದೆ. ನಮ್ಮ ಹಾಸನದಲ್ಲಿ ಲೈನು ಸರ್ಕಾರಿ ವಿದ್ಯುತ್ ಕಂಪನಿ ಸೆಸ್ಕ್‌ನದು, ಸಂಘಗಳೆಲ್ಲ ಬರೀ ಗ್ರಾಹಕರು. ಆದರೂ ಹಳ್ಳಿಯ ಸಹಕಾರ ಸಂಘವೊಂದು ತನಗೆ ಬೇಕಾದ ಕರೆಂಟನ್ನು ತಾನೇ ತೆಗೆಯಬಹುದಾದ ಜಾಗ ಒಂದಿದೆ, ಅದು ಹಾಲಿನ ಡೇರಿ. ಆಲೂರು ತಾಲ್ಲೂಕಿನ ನಮ್ಮ ಹಾಲು ಉತ್ಪಾದಕರ ಸಂಘದ ಬಿಎಂಸಿ (ಹಾಲನ್ನು ತಣಿಸಿಡುವ ದೊಡ್ಡ ತೊಟ್ಟಿ) ಕಟ್ಟಡಕ್ಕೆ ಸೋಲಾರ್ ಕೂರಿಸುವಾಗ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬೇರೆ ಸಂಘದವರು ಕೊಟೇಶನ್ ತರಿಸುವ ಮೊದಲು ಇದನ್ನು ಓದಿದರೆ ಒಳ್ಳೆಯದು.

ಮಾರುವವರು ಬಂದ ಕೂಡಲೇ ಮಾಳಿಗೆ ಅಳೆಯುತ್ತಾರೆ. ಅಳೆಯಬೇಕಾದ್ದು ಹಾಲನ್ನು. 1000 ಲೀಟರ್ ಹಾಲನ್ನು 35 ಡಿಗ್ರಿಯಿಂದ 4 ಡಿಗ್ರಿಗೆ ಇಳಿಸಲು ತೆಗೆಯಬೇಕಾದ ಶಾಖ, ಕರೆಂಟಿನ ಯೂನಿಟ್ಟಿನಲ್ಲೇ (ಕಿಲೋವ್ಯಾಟ್-ಗಂಟೆ) ಹೇಳಿದರೆ, ಸುಮಾರು 35 ಯೂನಿಟ್‌ನಷ್ಟು. ಕಂಪ್ರೆಸರ್ ಒಂದು ಯೂನಿಟ್ ಕರೆಂಟಿಗೆ ಎರಡೂವರೆಯಿಂದ ಮೂರು ಯೂನಿಟ್ ಶಾಖ ಎತ್ತುತ್ತದೆ, ಹಾಗಾಗಿ ಮೀಟರಿನಲ್ಲಿ ಓಡುವುದು 12ರಿಂದ 14 ಯೂನಿಟ್. ಎರಡೂ ಹೊತ್ತು ಸೇರಿ ದಿನಕ್ಕೆ 2000 ಲೀಟರ್ ಬರುವ ಡೇರಿಗೆ 24ರಿಂದ 28. ಕಲಕುವ ಮೋಟರ್, ಪಂಪು, ತೊಳೆಯುವ ಬಿಸಿನೀರು, ಕಂಪ್ಯೂಟರ್, ದೀಪ ಎಲ್ಲ ಕೂಡಿದರೆ 35ರ ಆಸುಪಾಸು. ನಿಮ್ಮ ಬಿಲ್ಲು ಇದಕ್ಕಿಂತ ಬಹಳ ಹೆಚ್ಚು ತೋರಿಸಿದರೆ ಮೊದಲು ಶಾಖವನ್ನು ಹೊರಬಿಡುವ ಕಂಡೆನ್ಸರ್‌ನ ಧೂಳು ತೆಗೆಸಿ, ಗ್ಯಾಸ್ ನೋಡಿಸಿ. ರೋಗ ಇರುವ ಕಂಪ್ರೆಸರ್‌ಗೆ ಪ್ಯಾನೆಲ್ ಹಾಕಿ ಉಪಯೋಗವಿಲ್ಲ.

ನಮ್ಮ ಕಡೆ ಒಂದು ಕಿಲೋವ್ಯಾಟ್ ಪ್ಯಾನೆಲ್ ವರ್ಷದ ಸರಾಸರಿಯಲ್ಲಿ ದಿನಕ್ಕೆ 4 ಯೂನಿಟ್ ಕೊಡುತ್ತದೆ ಎಂದು ಇಟ್ಟುಕೊಳ್ಳಬಹುದು. ಜೂನ್‌ನಿಂದ ಆಗಸ್ಟ್‌ವರೆಗೆ ಮೋಡ ಕವಿದ ವಾರಗಳಲ್ಲಿ ಅದು ಅರ್ಧಕ್ಕೆ ಇಳಿಯುತ್ತದೆ. ಸಕಲೇಶಪುರದ ಕಡೆ ಇನ್ನೂ ಕಡಿಮೆ, ಅರಸೀಕೆರೆಯಲ್ಲಿ ಅಷ್ಟು ಬೀಳುವುದಿಲ್ಲ. 540 ವ್ಯಾಟಿನ 18 ಪ್ಯಾನೆಲ್ ಎಂದರೆ 9.72 ಕಿಲೋವ್ಯಾಟ್, ಸರಾಸರಿ 39 ಯೂನಿಟ್. ನಮಗೆ ಅಷ್ಟು ಸಾಕು. ಮಂಜೂರಾದ ಲೋಡಿಗಿಂತ ದೊಡ್ಡದನ್ನು ಹೇಗೂ ಕೊಡುವುದಿಲ್ಲ. ಮಿಕ್ಕಿ ಲೈನಿಗೆ ಹೋದ ಯೂನಿಟ್ಟಿಗೆ ಸಿಗುವ ದರವೂ ನಾವು ಕೊಳ್ಳುವ ದರಕ್ಕಿಂತ ಕಡಿಮೆ.

ಕಾಗದಪತ್ರದಲ್ಲಿ ಕೆಲಸ ನಿಲ್ಲುವುದು ಸಾಮಾನ್ಯವಾಗಿ ಆರ್‌.ಆರ್. ನಂಬರಿನ (ವಿದ್ಯುತ್ ಸಂಪರ್ಕದ ಸಂಖ್ಯೆ) ಹೆಸರಿನಲ್ಲಿ. ಹಳೆಯ ಡೇರಿಗಳ ಸಂಪರ್ಕ ಎಷ್ಟೋ ಕಡೆ ಹಿಂದಿನ ಅಧ್ಯಕ್ಷರ ಹೆಸರಿನಲ್ಲೇ ಇರುತ್ತದೆ. ಅದನ್ನು ಸಂಘದ ಹೆಸರಿಗೆ ಮಾಡಿಸಿ, ಕಟ್ಟಡ ಯಾರದು, ಬಿಎಂಸಿ ಯಂತ್ರ ಸಂಘದ್ದೋ ಹಾಲು ಒಕ್ಕೂಟದ್ದೋ ಎಂಬುದನ್ನು ಠರಾವಿನಲ್ಲಿ ಬರೆದು, ಆಮೇಲೆ ನೆಟ್ ಮೀಟರಿಂಗ್ (ಲೈನಿಗೆ ಕೊಟ್ಟದ್ದನ್ನೂ ಪಡೆದದ್ದನ್ನೂ ಅಳೆದು ಲೆಕ್ಕ ಹಾಕುವ ಏರ್ಪಾಡು) ಅರ್ಜಿ ಹಾಕಿ. ಸರ್ವಸದಸ್ಯರ ಸಭೆಯಲ್ಲಿ ಒಂದು ಮಾತನ್ನು ಬಿಡಿಸಿ ಹೇಳಲೇಬೇಕು: ಕರೆಂಟ್ ಹೋದರೆ ಈ ಸೋಲಾರ್ ಕೂಡ ನಿಲ್ಲುತ್ತದೆ. ಲೈನು ಸತ್ತಾಗ, ಪ್ಯಾನೆಲ್ಲಿನ ಡಿಸಿಯನ್ನು ಎಸಿ ಮಾಡುವ ಇನ್ವರ್ಟರ್ ಕರೆಂಟ್ ತಳ್ಳುತ್ತಿದ್ದರೆ ಕಂಬದ ಮೇಲಿರುವ ಲೈನ್‌ಮನ್ ಜೀವಕ್ಕೇ ಅಪಾಯ, ಅದಕ್ಕೇ ಅದು ತಾನಾಗಿ ಆಫ್ ಆಗುವಂತೆ ಮಾಡಿರುತ್ತಾರೆ. ಇದನ್ನು ಮೊದಲೇ ಹೇಳದಿದ್ದರೆ ಮೊದಲ ಪವರ್ ಕಟ್ಟಿನ ದಿನವೇ ಜಗಳ.

ಮಾಳಿಗೆಯ ಮೇಲೆ ದಕ್ಷಿಣಕ್ಕೆ 13 ಡಿಗ್ರಿ ವಾಲಿಸಿದೆವು. 10ಕ್ಕಿಂತ ಕಡಿಮೆ ಇಟ್ಟರೆ ಮಳೆ ನೀರು ಫ್ರೇಮಿನ ಕೆಳ ಅಂಚಿನಲ್ಲಿ ನಿಂತು ಕೆಸರು, ಪಾಚಿ ಕಟ್ಟಿ ಕೆಳಸಾಲಿನ ಸೆಲ್ಲುಗಳಿಗೆ ನೆರಳಾಗುತ್ತದೆ. 18 ಪ್ಯಾನೆಲ್ಲನ್ನು ಒಂದೇ ಸಾಲಾಗಿ ಪೋಣಿಸದೆ ಒಂಬತ್ತೊಂಬತ್ತರ ಎರಡು ಸ್ಟ್ರಿಂಗ್ ಮಾಡಿ, ಇನ್ವರ್ಟರಿನ ಎರಡು ಬೇರೆ ಬೇರೆ ಎಂಪಿಪಿಟಿಗೆ (ಪ್ಯಾನೆಲ್ಲಿನಿಂದ ಆದಷ್ಟು ಹೆಚ್ಚು ಕರೆಂಟ್ ತೆಗೆಯುವ ಭಾಗ) ಕೊಟ್ಟೆವು. ಪಶ್ಚಿಮಕ್ಕಿರುವ ತೆಂಗಿನ ಮರದ ನೆರಳು ಮಧ್ಯಾಹ್ನ ಇಳಿದ ಮೇಲೆ ಒಂದು ಸ್ಟ್ರಿಂಗಿನ ಮೇಲಷ್ಟೇ ಬೀಳುತ್ತದೆ, ಇನ್ನೊಂದು ತನ್ನ ಪಾಡಿಗೆ ಓಡುತ್ತಿರುತ್ತದೆ.

ಇನ್ವರ್ಟರಿಗೆ ಸಿಕ್ಕಿಸುವ ಮೊದಲು ಪ್ರತಿ ಸ್ಟ್ರಿಂಗಿನ ಡಿಸಿ ವೋಲ್ಟೇಜನ್ನು ಎದುರಿಗೇ ಅಳೆಸಿ. ಒಂದು ಪ್ಯಾನೆಲ್ ಸುಮಾರು 49.5 ವೋಲ್ಟ್ ಆದರೆ ಒಂಬತ್ತಕ್ಕೆ 445. ಬಿಸಿಲಿಗೆ ಪ್ಯಾನೆಲ್ ಕಾದಿದ್ದರೆ ಸ್ವಲ್ಪ ಕಡಿಮೆ. ಎರಡು ಸ್ಟ್ರಿಂಗುಗಳ ನಡುವೆ 50ರ ವ್ಯತ್ಯಾಸ ಬಂದರೆ ಒಂದು ಪ್ಯಾನೆಲ್ ಬಿಟ್ಟುಹೋಗಿದೆ, 100 ಬಂದರೆ ಒಂದು ಉಲ್ಟಾ ಸೇರಿದೆ. ಪ್ಯಾನೆಲ್ ವೈರುಗಳನ್ನು ಸೇರಿಸುವ ಎಂಸಿ4 ಕನೆಕ್ಟರಿನ ಗಂಡು ಒಂದು ಕಂಪನಿಯದು, ಹೆಣ್ಣು ಇನ್ನೊಂದರದು ಆಗಲು ಬಿಡಬೇಡಿ. ಕ್ಲಿಕ್ ಎಂದು ಕೂರುತ್ತದೆ, ಆದರೆ ಒಳಗೆ ಸರಿಯಾಗಿ ಕಚ್ಚಿರುವುದಿಲ್ಲ, ಕಾದು ಕರಗುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲು ನೆನೆದು ಮಿಂಚು ಬಂಧಕಕ್ಕೆ (ಲೈಟ್ನಿಂಗ್ ಅರೆಸ್ಟರ್), ಪ್ಯಾನೆಲ್ ಫ್ರೇಮಿಗೆ, ಎಸಿ ಕಡೆಗೆ ಪ್ರತ್ಯೇಕ ಅರ್ಥಿಂಗ್ ಗುಂಡಿ ತೆಗೆಸಿ.

ಇನ್ನು ಜನರೇಟರ್. ಡೇರಿಯಲ್ಲಿ ಅದು ಇದ್ದೇ ಇರುತ್ತದೆ, ತಪ್ಪು ವೈರಿಂಗ್ ಆಗುವುದೂ ಇಲ್ಲೇ. ಸೋಲಾರಿನ ಎಸಿ ವೈರನ್ನು ಮೀಟರಿಗೂ ಚೇಂಜ್‌ಓವರ್ ಸ್ವಿಚ್ಚಿಗೂ (ಲೈನು, ಜನರೇಟರ್ ಎರಡರಲ್ಲಿ ಒಂದನ್ನು ಆರಿಸುವುದು) ನಡುವೆ, ಅಂದರೆ ಲೈನಿನ ಕಡೆಗೇ ಸೇರಿಸಬೇಕು. ಹತ್ತಿರ ಸಿಗುತ್ತದೆಂದು ಎಲೆಕ್ಟ್ರಿಷಿಯನ್ನರು ಲೋಡ್ ಕಡೆಯ ಬೋರ್ಡಿಗೆ ಕೊಟ್ಟುಬಿಡುತ್ತಾರೆ. ಆಗ ಜನರೇಟರ್ ಹೊಡೆದ ಕೂಡಲೇ ಇನ್ವರ್ಟರ್ ಅದನ್ನೇ ಲೈನು ಎಂದುಕೊಂಡು ಜತೆಗೂಡುತ್ತದೆ. ಹಾಲು ತಣ್ಣಗಾಗಿ ಕಂಪ್ರೆಸರ್ ನಿಂತ ಕ್ಷಣ ಸೋಲಾರಿನ ಕರೆಂಟಿಗೆ ಹೋಗಲು ಬೇರೆ ದಾರಿಯಿಲ್ಲದೆ ಜನರೇಟರಿನೊಳಕ್ಕೇ ನುಗ್ಗುತ್ತದೆ. ಆಲ್ಟರ್ನೇಟರ್, ವೋಲ್ಟೇಜನ್ನು ಹಿಡಿತದಲ್ಲಿಡುವ ಎವಿಆರ್ ಹಾಳಾಗುವುದು ಹೀಗೆ. ಲೈನಿನ ಕಡೆ ಸೇರಿಸಿದ್ದರೆ ಜನರೇಟರ್ ಓಡುವಾಗ ಸೋಲಾರ್ ಸುಮ್ಮನೆ ಆಫ್ ಆಗಿರುತ್ತದೆ.

ಎರಡನೆಯ ತೊಂದರೆ ಹೆಚ್ಚು ವೋಲ್ಟೇಜ್. ಹಳ್ಳಿ ಲೈನಿನಲ್ಲಿ ಸಂಜೆ ವೋಲ್ಟೇಜ್ ಕುಸಿಯುತ್ತದೆ ಎನ್ನುವುದು ಎಲ್ಲರಿಗೂ ಗೊತ್ತು. ಮಧ್ಯಾಹ್ನ ಪಂಪ್‌ಸೆಟ್ಟುಗಳು ನಿಂತಾಗ ಏರುತ್ತದೆ ಎನ್ನುವುದು ಸೋಲಾರ್ ಹಾಕಿದ ಮೇಲೇ ಕಾಣುವುದು. ಫೇಸಿಗೆ 253 ವೋಲ್ಟ್, ಅಂದರೆ 230ರ ಮೇಲೆ ನೂರಕ್ಕೆ ಹತ್ತು ದಾಟಿದರೆ ಇನ್ವರ್ಟರ್ ಕಳಚಿಕೊಳ್ಳುತ್ತದೆ. ಒಳ್ಳೆ ಬಿಸಿಲಿರುವಾಗಲೇ ಉತ್ಪಾದನೆ ಸೊನ್ನೆ! 10 ಕಿಲೋವ್ಯಾಟಿಗೆ ಫೇಸಿಗೆ ಹದಿನಾಲ್ಕೂವರೆ ಆಂಪಿಯರ್. 40 ಮೀಟರ್ ದೂರಕ್ಕೆ 4 ಚದರ ಮಿಲಿಮೀಟರ್ ತಾಮ್ರದ ವೈರ್ ಎಳೆದರೆ ಅದರಲ್ಲೇ ಎರಡೂವರೆ ವೋಲ್ಟಿಗಿಂತ ಹೆಚ್ಚು ಏರುತ್ತದೆ, 10ರ ವೈರಿನಲ್ಲಿ ಒಂದೇ ವೋಲ್ಟ್. ಅದಕ್ಕೇ ಇನ್ವರ್ಟರ್ ಮೀಟರಿನ ಹತ್ತಿರವಿರಲಿ, ಎಸಿ ವೈರ್ ದಪ್ಪವಿರಲಿ. ಅಷ್ಟಾದರೂ ನಿಲ್ಲದಿದ್ದರೆ ಇನ್ವರ್ಟರಿನ ದಾಖಲೆ ತೆಗೆದು, ಯಾವ ಹೊತ್ತಿಗೆ ಎಷ್ಟು ವೋಲ್ಟ್ ಎಂದು ಬರೆದು, ಟ್ರಾನ್ಸ್‌ಫಾರ್ಮರ್ ಟ್ಯಾಪ್ (ಹೊರಬರುವ ವೋಲ್ಟೇಜನ್ನು ಹೊಂದಿಸುವ ಜಾಗ) ಬದಲಿಸಲು ಅರ್ಜಿ ಕೊಡಬೇಕು. ಬಾಯಿಮಾತಿನಲ್ಲಿ ಹೇಳಿದರೆ ಕೆಲಸ ಆಗುವುದಿಲ್ಲ.

ನನ್ನ ಪ್ರಕಾರ ಡೇರಿಗೆ ಸೋಲಾರ್ ನಿಜವಾಗಿ ಒಗ್ಗುವುದು ಮಂಜುಗಡ್ಡೆಯಿಂದ. ಹಾಲು ಬರುವುದು ಬೆಳಗ್ಗೆ ಮತ್ತು ಸಂಜೆ, ಬಿಸಿಲು ಹತ್ತರಿಂದ ಮೂರು. ಈ ಅಂತರವನ್ನು ಬ್ಯಾಟರಿಯಿಂದ ತುಂಬಲು ಹೋದರೆ ಸಂಘದ ಮೀಸಲು ನಿಧಿ ಕರಗುತ್ತದೆ, ಕಂಪ್ರೆಸರ್ ಶುರುವಾಗುವಾಗಿನ ಐದಾರು ಪಟ್ಟು ಕರೆಂಟನ್ನು ತಡೆಯುವ ಬ್ಯಾಟರಿ ಇನ್ವರ್ಟರ್ ಇನ್ನೂ ದುಬಾರಿ. ಅದರ ಬದಲು ಐಸ್ ಬ್ಯಾಂಕ್ ತೊಟ್ಟಿ ಇಟ್ಟು ಮಧ್ಯಾಹ್ನವೇ ಮಂಜುಗಡ್ಡೆ ಕಟ್ಟಿಸಿ. ಸಂಜೆಯ 900 ಲೀಟರ್ ಹಾಲು, ಮಂಜುಗಡ್ಡೆಯ ತಣ್ಣೀರು ಹರಿಯುವ ಪ್ಲೇಟ್ ಕೂಲರ್ ಮೂಲಕ ಹಾದು 35ರಿಂದ 10 ಡಿಗ್ರಿಗೆ ಇಳಿಯಲು ಸುಮಾರು 270 ಕೆಜಿ ಮಂಜುಗಡ್ಡೆ ಸಾಕು; ಅದಕ್ಕೆ ಹನ್ನೆರಡು ಹದಿಮೂರು ಯೂನಿಟ್, ಮೂರು ಕಿಲೋವ್ಯಾಟಿನಂತೆ ನಾಲ್ಕು ಗಂಟೆಯ ಕೆಲಸ. ಸಂಜೆ ಕರೆಂಟ್ ಹೋದರೂ ಓಡಬೇಕಾದ್ದು ಹಾಲಿನ ಪಂಪು, ತಣ್ಣೀರಿನ ಪಂಪು ಎರಡೇ, ಅವಕ್ಕೆ ಸಣ್ಣ ಬ್ಯಾಟರಿ ಸಾಕು. 10 ಡಿಗ್ರಿಗೆ ಇಳಿದ ಹಾಲು ಕರೆಂಟ್ ಬರುವ ತನಕ ತಡೆದುಕೊಳ್ಳುತ್ತದೆ, 35ರಲ್ಲೇ ನಿಂತದ್ದು ಒಡೆಯುತ್ತದೆ. ಕಾಯಿಲ್ ಸೊನ್ನೆಗಿಂತ ಕೆಳಗೆ ಹೋಗಬೇಕಾದ್ದರಿಂದ ಯೂನಿಟ್ ಸ್ವಲ್ಪ ಹೆಚ್ಚು ಖರ್ಚಾಗುತ್ತದೆ, ನಿಜ. ಡೀಸೆಲ್ಲಿನ ಮುಂದೆ ಅದು ಲೆಕ್ಕಕ್ಕಿಲ್ಲ. ತೊಳೆಯುವ ಬಿಸಿನೀರಿನ ಹೀಟರನ್ನೂ ಟೈಮರ್ ಹಾಕಿ 11 ಗಂಟೆಗೆ ತಂದುಬಿಡಿ.

ಪ್ಯಾನೆಲ್ ತೊಳೆಯುವುದು ಬೆಳಗ್ಗೆ, ಗಾಜು ಕಾಯುವ ಮೊದಲು. ಬೋರ್‌ವೆಲ್ಲಿನ ಗಡಸು ನೀರು ಒಣಗಿದರೆ ಬಿಳಿ ಕಲೆ ಉಳಿಯುತ್ತದೆ, ಮಳೆನೀರು ಹಿಡಿದಿಟ್ಟುಕೊಳ್ಳಿ. ತಿಂಗಳ ಬಿಲ್ಲು ಬಂದಾಗ ಇನ್ವರ್ಟರಿನ ಒಟ್ಟು ಉತ್ಪಾದನೆಯಿಂದ ಲೈನಿಗೆ ಹೋದ ಯೂನಿಟ್ ಕಳೆಯಿರಿ, ಉಳಿದದ್ದು ಡೇರಿ ಬಿಸಿಲಿನಲ್ಲೇ ಬಳಸಿದ್ದು. ಅದಕ್ಕೆ ಲೈನಿನಿಂದ ತೆಗೆದುಕೊಂಡ ಯೂನಿಟ್ ಕೂಡಿಸಿದರೆ ತಿಂಗಳ ಒಟ್ಟು ಬಳಕೆ ಸಿಗುತ್ತದೆ. ಅದನ್ನು ಆ ತಿಂಗಳ ಹಾಲಿನ ಲೀಟರಿನಿಂದ ಭಾಗಿಸಿ ನೋಟೀಸ್ ಬೋರ್ಡಿನಲ್ಲಿ ಬರೆಯಿರಿ. 1000 ಲೀಟರಿಗೆ 18 ಯೂನಿಟ್‌ನಷ್ಟು ಬರಬೇಕು. 22 ದಾಟಿದರೆ ಕಂಡೆನ್ಸರ್ ತೊಳೆಯುವವರನ್ನು ಕರೆಸಿ. ನಿಗದಿತ ಶುಲ್ಕ ಮಂಜೂರಾದ ಲೋಡಿನ ಮೇಲೆ ಎಂದಿನಂತೆ ಬರುತ್ತಲೇ ಇರುತ್ತದೆ, ಅದನ್ನು ಉಳಿತಾಯದ ಲೆಕ್ಕಕ್ಕೆ ಸೇರಿಸಬೇಡಿ.