ನಿಧಾನದ ಒಂದು ಉತ್ತರಕ್ಕೆ ಇಡೀ ಎಸ್‌ಎನ್‌ಎಂಪಿ ಏಜೆಂಟ್ ಯಾಕೆ ನಿಲ್ಲಬೇಕು?

ಎಸ್‌ಎನ್‌ಎಂಪಿ (ಯಂತ್ರಗಳ ಸ್ಥಿತಿಯನ್ನು ನೆಟ್‌ವರ್ಕ್ ಮೂಲಕ ಕೇಳುವ ವಿಧಾನ) ಬಳಸಿ ಯುಪಿಎಸ್‌ನ ಬ್ಯಾಟರಿ ವೋಲ್ಟೇಜ್ ಓದಲು ಹೋಗಿ ಇಡೀ ಸರ್ವರ್‌ನ ಗ್ರಾಫ್‌ಗಳಿಗೆ ತೂತು ಬಿದ್ದಿತ್ತು. ಸಿಪಿಯು, ಡಿಸ್ಕ್, ನೆಟ್‌ವರ್ಕ್ ಪೋರ್ಟ್, ಒಂದನ್ನೂ ಬಿಟ್ಟಿರಲಿಲ್ಲ. ತಪ್ಪು ನನ್ನದೇ. ನೆಟ್-ಎಸ್‌ಎನ್‌ಎಂಪಿ ಅನ್ನುವ ಸಾಫ್ಟ್‌ವೇರ್‌ನ ಏಜೆಂಟ್‌ಗೆ, ಅಂದರೆ ಸರ್ವರ್ ಮೇಲೆ ಕೂತು ಉತ್ತರ ಕೊಡುವ ಎಸ್‌ಎನ್‌ಎಂಪಿಡಿಗೆ, ನಾನು ಬರೆದಿದ್ದ ಹ್ಯಾಂಡ್ಲರ್ (ಒಂದು ಪ್ರಶ್ನೆಗೆ ಉತ್ತರ ತರುವ ಫಂಕ್ಷನ್) ಸೀರಿಯಲ್ ಕೇಬಲ್ ಮೇಲೆ ಪ್ರಶ್ನೆ ಕಳಿಸಿ, ಉತ್ತರ ಬರುವವರೆಗೆ ಮೂರು ಸೆಕೆಂಡ್ ಸುಮ್ನೆ ಕೂತಿರುತ್ತಿತ್ತು.

ಎಸ್‌ಎನ್‌ಎಂಪಿಡಿ ಓಡುವುದು ಒಂದೇ ಥ್ರೆಡ್‌ನಲ್ಲಿ, ಅಂದರೆ ಒಂದು ಸಲಕ್ಕೆ ಒಂದೇ ಕೆಲಸ. ಯುಡಿಪಿ 161ನೇ ಪೋರ್ಟ್‌ಗೆ ಬಂದ ವಿನಂತಿಯನ್ನು ಎತ್ತಿಕೊಳ್ಳುತ್ತದೆ, ಹ್ಯಾಂಡ್ಲರ್ ಕರೆಯುತ್ತದೆ, ಉತ್ತರ ಕಳಿಸುತ್ತದೆ, ಮತ್ತೆ ಸೆಲೆಕ್ಟ್ ಲೂಪ್‌ಗೆ, ಅಂದರೆ ಮುಂದಿನ ಡೇಟಾಗೆ ಕಾಯುವ ಸುತ್ತಿಗೆ, ಹೋಗುತ್ತದೆ. ನಿಮ್ಮ ಹ್ಯಾಂಡ್ಲರ್ ಒಳಗೆ ಸ್ಲೀಪ್ ಹಾಕಿದರೆ ಅಪ್‌ಟೈಮ್ ಕೇಳಿದವರಿಗೂ ಉತ್ತರ ಇಲ್ಲ. ಪ್ರಶ್ನೆ ಕೇಳುವ ಕಮಾಂಡ್ ಆದ ಎಸ್‌ಎನ್‌ಎಂಪಿಗೆಟ್ ತಾನಾಗಿ ಕಾಯುವುದು 1 ಸೆಕೆಂಡ್, ಆಮೇಲೆ 5 ಸಲ ಮತ್ತೆ ಕೇಳುತ್ತದೆ. ಈ ಮರುಪ್ರಶ್ನೆಗಳೂ ಅದೇ ಸಾಲಿನಲ್ಲಿ ಬಂದು ನಿಂತವು, ನನ್ನ ಹ್ಯಾಂಡ್ಲರ್ ಪ್ರತಿಯೊಂದಕ್ಕೂ ಇನ್ನೊಂದು ಮೂರು ಸೆಕೆಂಡ್ ತಿಂದಿತು.

ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ಆ ಮೌಲ್ಯ ಕೇಳಿದ ಕ್ಷಣದ್ದೇ ಆಗಿರಬೇಕಾ? ಬ್ಯಾಟರಿ ವೋಲ್ಟೇಜ್ ಅರ್ಧ ನಿಮಿಷ ಹಳೆಯದಾದರೆ ಯಾರಿಗೂ ನಷ್ಟವಿಲ್ಲ. ಅಂಥ ಕಡೆ 30 ಸೆಕೆಂಡಿಗೊಮ್ಮೆ ತಾನೇ ಓದಿಟ್ಟುಕೊಂಡು, ಯಾರು ಕೇಳಿದರೂ ಮೆಮೊರಿಯಿಂದ ತಕ್ಷಣ ಕೊಟ್ಟುಬಿಡಿ. ಈ ಲೇಖನದ ಮಿಕ್ಕ ಭಾಗ ನಿಮಗೆ ಬೇಕಾಗದೇ ಇರಬಹುದು, ಅದು ಒಳ್ಳೆಯ ಸುದ್ದಿಯೇ. ಆದರೆ ಓದುವ ಕೆಲಸವನ್ನೂ ಕಾಯದೆ ಮಾಡಬೇಕು ಅನ್ನುವುದು ನೆನಪಿರಲಿ. ಅಲಾರ್ಮ್ (ಹೊತ್ತಿಗೆ ಸರಿಯಾಗಿ ಏಜೆಂಟ್ ಕರೆಯುವ ಫಂಕ್ಷನ್) ಒಳಗೆ ಮೂರು ಸೆಕೆಂಡ್ ಕೂತರೂ ಏಜೆಂಟ್ ನಿಂತೇ ನಿಲ್ಲುತ್ತದೆ.

ಕೇಳಿದಾಗಲೇ ತರಬೇಕಾದ ಮೌಲ್ಯ ಇದ್ದರೆ ದಾರಿ ಬೇರೆ. ನೆಟ್-ಎಸ್‌ಎನ್‌ಎಂಪಿಯಲ್ಲಿ ಇದಕ್ಕೆ ಡೆಲಿಗೇಟ್ ಮಾಡುವುದು ಅನ್ನುತ್ತಾರೆ. ದರ್ಶಿನಿ ಹೋಟೆಲ್ ನೆನಪಿಸಿಕೊಳ್ಳಿ. ಕ್ಯಾಶ್ ಕೌಂಟರ್‌ನವರು ನಿಮ್ಮ ದೋಸೆ ಬೇಯುವವರೆಗೆ ಕಾಯುವುದಿಲ್ಲ, ಟೋಕನ್ ಕೊಟ್ಟು ಮುಂದಿನವರನ್ನು ಕರೆಯುತ್ತಾರೆ. ಇಲ್ಲೂ ಅಷ್ಟೇ. (ಹೆಸರುಗಳನ್ನು ಕನ್ನಡದಲ್ಲಿ ಬರೆದಿದ್ದೇನೆ, ಸಿ ಕೋಡ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಿರಿ.)

ಹ್ಯಾಂಡ್ಲರ್ ಒಳಗೆ ಮಾಡುವುದು ಮೂರೇ ಕೆಲಸ. ವಿನಂತಿಯ ಡೆಲಿಗೇಟೆಡ್ ಫ್ಲ್ಯಾಗ್ ಅನ್ನು 1 ಮಾಡಿ. ನೆಟ್‌ಎಸ್‌ಎನ್‌ಎಂಪಿ_ಕ್ರಿಯೇಟ್_ಡೆಲಿಗೇಟೆಡ್_ಕ್ಯಾಶ್ ಕರೆದು, ನಿಮ್ಮ ಹ್ಯಾಂಡ್ಲರ್‌ಗೆ ಬಂದ ಆರ್ಗ್ಯುಮೆಂಟ್‌ಗಳಾದ ಹ್ಯಾಂಡ್ಲರ್, ರೆಗ್‌ಇನ್ಫೋ, ರೆಕ್‌ಇನ್ಫೋ, ರಿಕ್ವೆಸ್ಟ್ಸ್ ಎಲ್ಲವನ್ನೂ ಅದರೊಳಗೆ ಕಟ್ಟಿಡಿ, ಇದೇ ನಿಮ್ಮ ಟೋಕನ್. ಕೊನೆಯ ಆರ್ಗ್ಯುಮೆಂಟ್‌ನಲ್ಲಿ ನಿಮ್ಮದೇ ಡೇಟಾ ಇದ್ದರೆ ಅದನ್ನೂ ತಳ್ಳಬಹುದು. ಆಮೇಲೆ ನಿಧಾನದ ಕೆಲಸವನ್ನು ಶುರು ಮಾಡಿಸಿ, ಎಸ್‌ಎನ್‌ಎಂಪಿ_ಎರ್‌ಆರ್_ನೋಎರರ್ ಹಿಂತಿರುಗಿಸಿ ಹೊರಬನ್ನಿ. ಮೌಲ್ಯ ತುಂಬಬೇಡಿ.

ಏಜೆಂಟ್‌ನ ಸೋರ್ಸ್ ಜೊತೆ ಬರುವ ಡಿಲೇಡ್_ಇನ್‌ಸ್ಟನ್ಸ್ ಅನ್ನುವ ಉದಾಹರಣೆಯಲ್ಲಿ ಎಸ್‌ಎನ್‌ಎಂಪಿ_ಅಲಾರ್ಮ್_ರಿಜಿಸ್ಟರ್ ಬಳಸಿ ಸುಮ್ನೆ ತಡ ಮಾಡುತ್ತಾರೆ. ಕಲಿಯಲು ಅದು ಚೆನ್ನಾಗಿದೆ. ನಿಜವಾದ ಕೆಲಸಕ್ಕೆ ನಾನು ಸೀರಿಯಲ್ ಪೋರ್ಟ್‌ನ ಫೈಲ್ ಡಿಸ್ಕ್ರಿಪ್ಟರ್ ಅನ್ನೇ ರಿಜಿಸ್ಟರ್_ರೀಡ್‌ಎಫ್‌ಡಿಗೆ ಕೊಟ್ಟೆ. ಡೇಟಾ ಬಂದಾಗ ಏಜೆಂಟ್‌ನ ಸೆಲೆಕ್ಟ್ ಲೂಪೇ ನನ್ನ ಫಂಕ್ಷನ್ ಕರೆಯುತ್ತದೆ. ಜೊತೆಗೆ ಒಂದು ಅಲಾರ್ಮ್ ಕೂಡ ಇಟ್ಟೆ, ಯುಪಿಎಸ್ ಬಾಯೇ ಬಿಡದಿದ್ದರೆ 5 ಸೆಕೆಂಡಿಗೆ ಎರರ್ ಹೇಳಿ ಮುಗಿಸಲು. ಇವೆರಡರಲ್ಲಿ ಯಾವುದು ಮೊದಲು ಬಂದರೂ ಇನ್ನೊಂದನ್ನು ರದ್ದು ಮಾಡಬೇಕು, ಇಲ್ಲದಿದ್ದರೆ ಒಂದೇ ಟೋಕನ್‌ಗೆ ಎರಡು ದೋಸೆ.

ಬೇರೆ ಥ್ರೆಡ್ ತೆರೆದು ಅಲ್ಲಿಂದಲೇ ಉತ್ತರ ತುಂಬಿಬಿಡೋಣ ಅಂತ ಆಸೆ ಆಗುತ್ತದೆ, ಬೇಡ. ಏಜೆಂಟ್‌ನ ಒಳಗಿನ ಪಟ್ಟಿಗಳು ಹಾಗೆ ಎರಡು ಕಡೆಯಿಂದ ಮುಟ್ಟಲು ಬರೆದವಲ್ಲ. ಥ್ರೆಡ್ ಬೇಕೇ ಬೇಕು ಅಂದರೆ ಅದು ಪೈಪ್‌ಗೆ ಫಲಿತಾಂಶ ಬರೆಯಲಿ, ಪೈಪ್‌ನ ಇನ್ನೊಂದು ತುದಿಯನ್ನು ಮುಖ್ಯ ಲೂಪ್ ಓದಲಿ.

ಇನ್ನು ಉತ್ತರ ಬಂದಾಗಿನ ಫಂಕ್ಷನ್. ಜಾಸ್ತಿ ಎಡವುವುದು ಇಲ್ಲೇ. ಮೊದಲ ಸಾಲಿನಲ್ಲೇ ನೆಟ್‌ಎಸ್‌ಎನ್‌ಎಂಪಿ_ಹ್ಯಾಂಡ್ಲರ್_ಚೆಕ್_ಕ್ಯಾಶ್ ಕರೆಯಿರಿ. ನೀವು ಕಾಯುತ್ತಿದ್ದಾಗ ಕೇಳಿದವರ ಸೆಷನ್ ಮುಚ್ಚಿಹೋಗಿರಬಹುದು, ಆಗ ನಿಮ್ಮ ಹತ್ತಿರ ಇರುವ ರಿಕ್ವೆಸ್ಟ್ಸ್ ಪಾಯಿಂಟರ್ ಆಗಲೇ ಬಿಡುಗಡೆಯಾದ ಮೆಮೊರಿಯದು. ಈ ಚೆಕ್ ಟ್ರಾನ್ಸಾಕ್ಷನ್ ಸಂಖ್ಯೆ ಇನ್ನೂ ಜೀವಂತ ಇದೆಯಾ ನೋಡುತ್ತದೆ, ಇಲ್ಲದಿದ್ದರೆ ನಲ್ ಕೊಡುತ್ತದೆ. ನಲ್ ಬಂದರೆ ಸುಮ್ನೆ ವಾಪಸ್ ಬನ್ನಿ, ಆದರೆ ಮೂಲ ಪಾಯಿಂಟರ್ ಬೇರೆ ವೇರಿಯಬಲ್‌ನಲ್ಲಿ ಇಟ್ಟುಕೊಂಡು ಟೋಕನ್ ಫ್ರೀ ಮಾಡಿಯೇ ಬನ್ನಿ. ನಾನು ಅದೇ ವೇರಿಯಬಲ್ ಮೇಲೆ ನಲ್ ಬರೆದುಕೊಂಡು ತುಂಬಾ ದಿನ ಮೆಮೊರಿ ಸೋರಿಸಿದ್ದೇನೆ.

ಚೆಕ್ ಪಾಸಾದರೆ ಡೆಲಿಗೇಟೆಡ್ ಫ್ಲ್ಯಾಗ್ ಅನ್ನು 0 ಮಾಡಿ, ಎಸ್‌ಎನ್‌ಎಂಪಿ_ಸೆಟ್_ವಾರ್_ಟೈಪ್ಡ್_ವ್ಯಾಲ್ಯೂ ಮೂಲಕ ಮೌಲ್ಯ ತುಂಬಿ, ನೆಟ್‌ಎಸ್‌ಎನ್‌ಎಂಪಿ_ಫ್ರೀ_ಡೆಲಿಗೇಟೆಡ್_ಕ್ಯಾಶ್ ಕರೆಯಿರಿ. ಪ್ಯಾಕೆಟ್ ಕಳಿಸುವುದು ನಿಮ್ಮ ಕೆಲಸವಲ್ಲ. ಲೂಪ್‌ನ ಪ್ರತಿ ಸುತ್ತಿನಲ್ಲೂ ಏಜೆಂಟ್ ಬಾಕಿ ಇರುವ ವಿನಂತಿಗಳನ್ನು ನೋಡುತ್ತದೆ, ಫ್ಲ್ಯಾಗ್ ಇಳಿದಿದ್ದರೆ ತಾನೇ ಕಳಿಸುತ್ತದೆ. ಏಜೆಂಟನ್ನು ನಿಮ್ಮದೇ ಪ್ರೋಗ್ರಾಂ ಒಳಗೆ ಕೂರಿಸಿ ಸ್ವಂತ ಸೆಲೆಕ್ಟ್ ಲೂಪ್ ಬರೆದಿದ್ದರೆ ಮಾತ್ರ ನೆಟ್‌ಎಸ್‌ಎನ್‌ಎಂಪಿ_ಚೆಕ್_ಔಟ್‌ಸ್ಟ್ಯಾಂಡಿಂಗ್_ಏಜೆಂಟ್_ರಿಕ್ವೆಸ್ಟ್ಸ್ ಅನ್ನು ನೀವೇ ಕರೆಯಬೇಕು.

ಎರರ್ ದಾರಿಯಲ್ಲೂ ಫ್ಲ್ಯಾಗ್ ಇಳಿಸುವುದು ಮರೆಯಬೇಡಿ. ಮರೆತರೆ ಏನಾಗುತ್ತದೆ ಅಂದರೆ, ಆ ವಿನಂತಿ ಪಟ್ಟಿಯಲ್ಲೇ ಉಳಿಯುತ್ತದೆ. ಗೆಟ್‌ಗಳು, ಅಂದರೆ ಓದುವ ವಿನಂತಿಗಳು, ಮಾಮೂಲಿಯಂತೆ ಓಡುತ್ತವೆ, ಏನೂ ಗೊತ್ತಾಗುವುದಿಲ್ಲ. ಒಂದು ದಿನ ಯಾರೋ ಒಂದು ಸೆಟ್, ಅಂದರೆ ಬದಲಾಯಿಸುವ ವಿನಂತಿ, ಕಳಿಸುತ್ತಾರೆ. ಏಜೆಂಟ್‌ನ ನಿಯಮ ಹೀಗಿದೆ: ಡೆಲಿಗೇಟ್ ಆದವೆಲ್ಲ ಮುಗಿಯುವವರೆಗೆ ಸೆಟ್ ಶುರುವಾಗುವುದಿಲ್ಲ, ಸೆಟ್ ಮುಗಿಯುವವರೆಗೆ ಹೊಸ ವಿನಂತಿ ಯಾವುದೂ ಮುಂದೆ ಹೋಗುವುದಿಲ್ಲ. ಅಲ್ಲಿಗೆ ಪೂರ್ತಿ ಬಂದ್.

ಇದೇ ಕಾರಣಕ್ಕೆ ಸೆಟ್‌ಗೆ ಡೆಲಿಗೇಟ್ ಮಾಡುವುದನ್ನು ನಾನು ಬಿಟ್ಟೇಬಿಟ್ಟಿದ್ದೇನೆ. ರಿಸರ್ವ್1, ರಿಸರ್ವ್2, ಆಕ್ಷನ್, ಕಮಿಟ್, ನಾಲ್ಕು ಹಂತ ಇದೆ, ಪ್ರತಿಯೊಂದರಲ್ಲೂ ತಡ ಮಾಡಿದರೆ ನಾಲ್ಕು ಪಟ್ಟು ಕಾಯಬೇಕು, ಅಷ್ಟೂ ಹೊತ್ತು ಉಳಿದವರಿಗೆ ಬಾಗಿಲು ಮುಚ್ಚಿರುತ್ತದೆ. ಆಜ್ಞೆಯನ್ನು ತಕ್ಷಣ ಒಪ್ಪಿಕೊಂಡು, ಕೆಲಸ ಎಲ್ಲಿಗೆ ಬಂತು ಅಂತ ಇನ್ನೊಂದು ಓದುವ ಒಐಡಿಯಲ್ಲಿ (ಎಸ್‌ಎನ್‌ಎಂಪಿಯಲ್ಲಿ ಪ್ರತಿ ಮಾಹಿತಿಯನ್ನು ಗುರುತಿಸುವ ಸಂಖ್ಯೆ) ತೋರಿಸುವುದು ಮೇಲು.

ಒಂದೇ ಪ್ಯಾಕೆಟ್‌ನಲ್ಲಿ ಹಲವು ಒಐಡಿ ಕೇಳಿದ್ದರೆ ಪ್ರತಿ ವಿನಂತಿಗೂ ಅದರದೇ ಫ್ಲ್ಯಾಗ್ ಇರುತ್ತದೆ. ನೆಟ್‌ಎಸ್‌ಎನ್‌ಎಂಪಿ_ರಿಜಿಸ್ಟರ್_ಇನ್‌ಸ್ಟನ್ಸ್ ಮೂಲಕ ನೋಂದಾಯಿಸಿದರೆ ಹ್ಯಾಂಡ್ಲರ್‌ಗೆ ಒಂದೊಂದಾಗಿ ಬರುತ್ತವೆ, ತಲೆನೋವು ಕಡಿಮೆ.

ಡೆಲಿಗೇಟ್ ಮಾಡಿದರೂ ನಿಮ್ಮ ಯುಪಿಎಸ್ ವೇಗವಾಗುವುದಿಲ್ಲ ಅಲ್ವಾ? ಉತ್ತರಕ್ಕೆ ಮೂರು ಸೆಕೆಂಡ್ ಬೇಕು, ಕೇಳುವವರು ಕಾಯುವುದು ಒಂದೇ ಸೆಕೆಂಡ್ ಅಂದರೆ ಮರುಪ್ರಶ್ನೆಗಳು ಬಂದೇ ಬರುತ್ತವೆ. ಮೇಲ್ವಿಚಾರಣೆಯ ಕಡೆ ಆ ಒಐಡಿಗೆ ಮಾತ್ರ ಟೈಮೌಟ್ ಜಾಸ್ತಿ ಮಾಡಿ. ಈ ಕಡೆ, ಓದುವ ಕೆಲಸ ಆಗಲೇ ನಡೆಯುತ್ತಿದ್ದರೆ ಇನ್ನೊಂದನ್ನು ಶುರು ಮಾಡಬೇಡಿ. ಹೊಸ ಟೋಕನ್ ಅನ್ನು ಕಾಯುವವರ ಪಟ್ಟಿಗೆ ಸೇರಿಸಿ, ಮೌಲ್ಯ ಬಂದಾಗ ಎಲ್ಲರಿಗೂ ಒಟ್ಟಿಗೆ ಹಂಚಿ.

ಪರೀಕ್ಷೆಗೆ ಎರಡು ಟರ್ಮಿನಲ್ ಸಾಕು. ಒಂದರಲ್ಲಿ ನಿಧಾನದ ಒಐಡಿಯನ್ನು ಟೈಮೌಟ್ 10, ಮರುಪ್ರಯತ್ನ 0 ಇಟ್ಟು ಕೇಳಿ. ಅದು ಕಾಯುತ್ತಿರುವಾಗಲೇ ಇನ್ನೊಂದರಲ್ಲಿ ಅಪ್‌ಟೈಮ್ ಕೇಳಿ, ತಕ್ಷಣ ಬರಬೇಕು. ಆಮೇಲೆ ಯುಪಿಎಸ್ ಕೇಬಲ್ ಕಿತ್ತು ಎರರ್ ದಾರಿಯನ್ನೂ ಓಡಿಸಿ, ಕೊನೆಗೊಂದು ಸೆಟ್ ಕಳಿಸಿ. ಸೆಟ್‌ಗೆ ಉತ್ತರ ಬರದಿದ್ದರೆ ಎಲ್ಲೋ ಒಂದು ಫ್ಲ್ಯಾಗ್ ಇಳಿಸಿಲ್ಲ, ಹುಡುಕಿ.