ದಾರ ಹಿಡಿದು ಅಮೆರಿಕಾ ಅಳೆದೆ

2024ರ ಮೇ ತಿಂಗಳಲ್ಲಿ ಮಗಳು ಟಿಕೆಟ್ ಕಳಿಸಿದಳು. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ, ನಡುವೆ ಎಲ್ಲೂ ಇಳಿಯದ ನೇರ ವಿಮಾನ. ಮಧ್ಯಾಹ್ನ 2ಕ್ಕೆ ಹೊರಟು ಅದೇ ದಿನ ಸಂಜೆ ಐದೂವರೆಗೆ ಇಳಿಯುವುದು ಅಂತಿತ್ತು. "ಏನ್ರೀ, ಮೂರೂವರೆ ತಾಸಷ್ಟೇನಾ? ಬಳ್ಳಾರಿಯಿಂದ ಬೆಂಗಳೂರಿಗೇ ರಾತ್ರಿಯಿಡೀ ಬೇಕಲ್ಲ!" ಅಂದಳು ನನ್ನ ಹೆಂಡತಿ.

ಅಳೆದೇ ನೋಡೋಣ ಅಂತ ಕೂತೆ. ಮೊದಲು ಮಾಡಿದ್ದು ದಡ್ಡತನ. ಗೋಡೆಯ ಭೂಪಟದಲ್ಲಿ ಬೆಂಗಳೂರಿನಿಂದ ಪಶ್ಚಿಮಕ್ಕೆ ಎಣಿಸುತ್ತಾ ಹೋದರೆ ಸುಮಾರು 200 ಡಿಗ್ರಿ ರೇಖಾಂಶ, ಡಿಗ್ರಿಗೆ 111 ಕಿ.ಮೀ. ಅಂತ ಗುಣಿಸಿದೆ, 22,200 ಬಂತು. ಗಂಟೆಗೆ 900 ಕಿ.ಮೀ. ಓಡಿದರೂ ಹತ್ತಿರ ಹತ್ತಿರ 25 ತಾಸು! ಆ 111ರ ಲೆಕ್ಕ ಸಮಭಾಜಕದ ಮೇಲೆ ಮಾತ್ರ ಸರಿ, ಉತ್ತರಕ್ಕೆ ಹೋದಷ್ಟೂ ರೇಖೆಗಳು ಹತ್ತಿರ ಬರುತ್ತವೆ ಅನ್ನೋದು ಆಮೇಲೆ ನೆನಪಾಯಿತು.

ಅಟ್ಟದ ಮೇಲೆ ಮಗಳು ಓದುವಾಗಿನ ಗ್ಲೋಬ್ ಇತ್ತು. ಧೂಳು ಒರೆಸಿ, ಹೂ ಕಟ್ಟುವ ದಾರ ತಗೊಂಡು ನಡುಮಧ್ಯದ ಸುತ್ತಳತೆ ನೋಡಿದೆ, 94 ಸೆಂ.ಮೀ. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ., ಅಂದ್ರೆ ಒಂದು ಸೆಂ.ಮೀ.ಗೆ ಹೆಚ್ಚುಕಮ್ಮಿ 425. ಈಗ ಎರಡೂ ಊರಿಗೆ ದಾರ ಹಿಡಿದು ಬಿಗಿಯಾಗಿ ಎಳೆದೆ. ದಾರ ತಾನಾಗೇ ಜಾರಿ ಉತ್ತರಕ್ಕೆ ಹೋಗಿ ಕೂತಿತು! ಹಿಮಾಲಯ, ಮಂಗೋಲಿಯಾ, ಸೈಬೀರಿಯಾ ದಾಟಿ ಅಲಾಸ್ಕಾ ಮೇಲಿಂದ ಕೆಳಗೆ. ನಾನು ಆಫ್ರಿಕಾ ಮೇಲೆ ಹೋಗ್ತೀವಿ ಅಂದ್ಕೊಂಡಿದ್ದೆ. ದಾರದ ಉದ್ದ 33 ಸೆಂ.ಮೀ., ಅಂದ್ರೆ 14,000 ಕಿ.ಮೀ. 900ರಿಂದ ಭಾಗಿಸಿದರೆ ಹದಿನೈದೂವರೆ ತಾಸು, ಏರಲು ಇಳಿಯಲು ಅರ್ಧ ತಾಸು ಸೇರಿಸಿ 16.

ಟಿಕೆಟ್‌ನ ಐದೂವರೆ ಅಲ್ಲಿನ ಗಡಿಯಾರದ್ದು. ಬೇಸಿಗೆಯಲ್ಲಿ ಅವರು ನಮಗಿಂತ ಹನ್ನೆರಡೂವರೆ ತಾಸು ಹಿಂದೆ, ಚಳಿಗಾಲದಲ್ಲಿ ಹದಿಮೂರೂವರೆ. ಮೂರೂವರೆಗೆ ಹನ್ನೆರಡೂವರೆ ಕೂಡಿಸಿ, 16 ಬಂತಲ್ವಾ! ನನಗೆ ಭಾರೀ ಖುಷಿ. ಅವಳು ಮಾತ್ರ ತಿರುಗಿಯೂ ನೋಡದೆ ಶೇಂಗಾ ಚಟ್ನಿಪುಡಿ ಕಟ್ಟುತ್ತಿದ್ದಳು.

ದಾರಕ್ಕೆ ಗಾಳಿ ಗೊತ್ತಾಗಲ್ಲ. ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸುತ್ತದೆ, ಅದನ್ನು ಹಿಡಿಯಲು ಪೈಲಟ್‌ಗಳು ಹತ್ತಿರದ ದಾರಿ ಬಿಟ್ಟು ಸುತ್ತು ಹೋಗುವುದೂ ಉಂಟು. ಬರುವಾಗ ಅದೇ ಗಾಳಿ ಎದುರು, ಹದಿನೇಳೂವರೆ ತಾಸು ಹಿಡಿಯಿತು. ಭಾನುವಾರ ರಾತ್ರಿ 9ಕ್ಕೆ ಹೊರಟವರು ಇಳಿದದ್ದು ಮಂಗಳವಾರ ಬೆಳಗಿನ ಜಾವ 3ಕ್ಕೆ. ಅವಳ ಸೋಮವಾರದ ಒಪ್ಪೊತ್ತು ಆಕಾಶದಲ್ಲೇ ಆಯಿತು.

ಇನ್ನು ಮನೆಯಿಂದ ಮನೆಗೆ ಲೆಕ್ಕ ಬೇರೆ. ಹೋಗುವಾಗ ರಾತ್ರಿ 9ಕ್ಕೆ ಬಳ್ಳಾರಿ ಮನೆಗೆ ಬೀಗ ಹಾಕಿ, ಹಂಪಿ ಎಕ್ಸ್‌ಪ್ರೆಸ್ ಹತ್ತಿ ಯಲಹಂಕದಲ್ಲಿ ಇಳಿದೆವು, ಮೆಜೆಸ್ಟಿಕ್‌ವರೆಗೆ ಹೋಗಿ ವಾಪಸ್ ಬರೋದು ತಪ್ಪಿತು. ಮಗಳ ಮನೆ ಮುಟ್ಟುವಾಗ ಒಟ್ಟು 36 ತಾಸು. ಅದರಲ್ಲಿ ಆಕಾಶದಲ್ಲಿದ್ದದ್ದು 16.